ಶಾಸನದ ಸಾಲು ಮತ್ತು ಎಕ್ಸ್‌ಎಂಎಲ್‌ನ ಅಣ್ಣತಮ್ಮಂದಿರು

ಶಾಸನ ಓದುವವರಿಗೆ ಸಾಲಿನ ಸಂಖ್ಯೆ ಅಂದ್ರೆ ಮನೆಯ ವಿಳಾಸ ಇದ್ದ ಹಾಗೆ. 'ಹನ್ನೊಂದನೇ ಸಾಲಿನಲ್ಲಿ ಈ ಹೆಸರಿದೆ' ಎಂದು ಒಬ್ಬರು ಬರೆದರೆ, ಇನ್ನೊಬ್ಬರು ಕಲ್ಲಿನ ಮುಂದೆಯೋ ಪಡಿಯಚ್ಚಿನ ಮುಂದೆಯೋ ನಿಂತು ಅದನ್ನು ಪರೀಕ್ಷಿಸಬಹುದು. ಸಂಖ್ಯೆ ತಪ್ಪಿದರೆ ವಾದವೇ ಕುಸಿಯುತ್ತದೆ.

1886ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ತಂದ ಕಾಲಕ್ಕೆ ಪಾಠವನ್ನು ಅಚ್ಚಿನ ಮೊಳೆಗಳಲ್ಲಿ ಜೋಡಿಸಬೇಕಿತ್ತು. 1931ರಲ್ಲಿ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು, ಸವೆದ ಅಕ್ಷರ, ಊಹಿಸಿ ತುಂಬಿದ ಅಕ್ಷರಗಳಿಗೆ ಆವರಣಚಿಹ್ನೆಗಳ ಒಂದು ಪದ್ಧತಿಗೆ ಒಪ್ಪಿದರು. 1998ರಲ್ಲಿ ಎಕ್ಸ್‌ಎಂಎಲ್ ಬಂತು, 1999ರ ನವೆಂಬರಿನಲ್ಲಿ ಅದರೊಳಗೆ ಹುಡುಕುವ ಎಕ್ಸ್‌ಪಾತ್ ಬಂತು. ಸರಿಸುಮಾರು ಅದೇ ದಿನಗಳಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಗ್ರೀಕ್, ಲ್ಯಾಟಿನ್ ಶಾಸನಗಳಿಗಾಗಿ ಎಪಿಡಾಕ್ ಶುರುವಾಯಿತು. ದಕ್ಷಿಣ ಏಷ್ಯಾದ ಶಾಸನಗಳನ್ನು ದಾಖಲಿಸಿದ ಧರ್ಮ ಯೋಜನೆ ಬಳಸಿದ್ದೂ ಅದನ್ನೇ.

ನಾನು ವೃತ್ತಿಯಿಂದ ಇಂಜಿನಿಯರ್, ಶಾಸನ ನನ್ನ ಹವ್ಯಾಸ. ಇವೆರಡೂ ಸೇರುವ ಒಂದು ತೊಡಕು ಇಲ್ಲಿದೆ, ನೋಡಿ.

ರೂವಾರಿ ಸಾಲು ಮುರಿಯುವುದು ಕಲ್ಲಿನ ಅಂಚು ಬಂದಾಗ. ಪದ ಮುಗಿದಿದೆಯೋ ಇಲ್ಲವೋ ಅವನಿಗೆ ಮುಖ್ಯವಲ್ಲ. ಹಲ್ಮಿಡಿಯ 16 ಸಾಲುಗಳು ಒಂದು ವಿಭಜನೆ, ಅದರ ವಾಕ್ಯಗಳು ಇನ್ನೊಂದು. ಎಕ್ಸ್‌ಎಂಎಲ್‌ನಲ್ಲಿ ಒಂದು ಪೆಟ್ಟಿಗೆ ಇನ್ನೊಂದರೊಳಗೆ ಪೂರ್ತಿ ಕೂರಬೇಕು, ಅರ್ಧ ಒಳಗೆ ಅರ್ಧ ಹೊರಗೆ ಇರುವಂತಿಲ್ಲ. ಹಾಗಾಗಿ ಎಪಿಡಾಕ್ ಸಾಲನ್ನು ಪೆಟ್ಟಿಗೆ ಮಾಡದೆ, ಸಾಲು ಆರಂಭವಾಗುವ ಕಡೆ 'ಎಲ್‌ಬಿ' ಎಂಬ ಖಾಲಿ ಗುರುತು ನೆಡುತ್ತದೆ, ರಸ್ತೆ ಬದಿಯ ಮೈಲಿಗಲ್ಲಿನಂತೆ.

ಇದರಿಂದ ಸಾಲು ಪದಕ್ಕೆ ಅಪ್ಪನಾಗುವುದಿಲ್ಲ. ಒಂದು ಹೆಸರು ಯಾವ ಸಾಲಿನದು ಅಂತ ತಿಳಿಯಲು ಮೇಲಕ್ಕೆ ಹೋದರೆ ಪ್ರಯೋಜನವಿಲ್ಲ, ಪಕ್ಕಕ್ಕೆ ನೋಡಬೇಕು. ಎಕ್ಸ್‌ಪಾತ್‌ನ 13 ದಿಕ್ಕುಗಳಲ್ಲಿ ಎರಡು ಇದಕ್ಕೇ ಇವೆ: ಪ್ರಿಸೀಡಿಂಗ್-ಸಿಬ್ಲಿಂಗ್ ಅಂದರೆ ಅಣ್ಣಂದಿರು, ಫಾಲೋಯಿಂಗ್-ಸಿಬ್ಲಿಂಗ್ ಅಂದರೆ ತಮ್ಮಂದಿರು.

ಮೊದಲು ಎಣಿಕೆ. ಅಣ್ಣಂದಿರನ್ನು ಹಿಂದಕ್ಕೆ ಎಣಿಸಲಾಗುತ್ತದೆ. 'ಒಂದನೆಯ ಎಲ್‌ಬಿ' ಅಂದರೆ ತೀರಾ ಹತ್ತಿರದ್ದು, ನಮಗೆ ಬೇಕಾದದ್ದೂ ಅದೇ. ಆದರೆ ಇಡೀ ಪಟ್ಟಿಯನ್ನು ಕಂಸದೊಳಗೆ ಹಾಕಿ ಆಮೇಲೆ ಒಂದನೆಯದು ಕೇಳಿದರೆ, ಎಣಿಕೆ ಪಾಠದ ಆರಂಭದಿಂದ ಶುರುವಾಗುತ್ತದೆ. ಆಗ ಹನ್ನೊಂದನೇ ಸಾಲಿನ ಹೆಸರು ಮೊದಲನೇ ಸಾಲಿಗೆ ಜಿಗಿಯುತ್ತದೆ. ಕಂಪ್ಯೂಟರ್ ತಕರಾರು ಮಾಡುವುದಿಲ್ಲ.

ಎರಡನೆಯದು, 'ಮುಂದಿನ ಎಲ್‌ಬಿ' ಬೇರೆ, 'ಪಕ್ಕದಲ್ಲೇ ಇರುವುದು ಎಲ್‌ಬಿಯೇ?' ಬೇರೆ. ಮೊದಲನೆಯದು ನಡುವೆ ಎಷ್ಟು ಗುರುತುಗಳಿದ್ದರೂ ದಾಟಿ ಹೋಗುತ್ತದೆ. ಎರಡನೆಯದಕ್ಕೆ ನಕ್ಷತ್ರ ಚಿಹ್ನೆಯಿಂದ ಪಕ್ಕದ ಒಂದನ್ನೇ ಹಿಡಿದು, ಅದು ಎಲ್‌ಬಿಯೇ ಅಂತ ಪರೀಕ್ಷಿಸಬೇಕು. ನಕ್ಷತ್ರ ಬರೀ ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನೋದು ನೆನಪಿರಲಿ.

ಮೂರನೆಯದು ನಿಜವಾಗಿ ಅಪಾಯದ್ದು. ಅಣ್ಣತಮ್ಮಂದಿರು ಒಬ್ಬನೇ ಅಪ್ಪನ ಮಕ್ಕಳಾಗಿರಬೇಕು. ಸಂಪಾದಕರು ಊಹಿಸಿ ತುಂಬಿದ ಭಾಗವನ್ನು 'ಸಪ್ಲೈಡ್' ಎಂಬ ಪೆಟ್ಟಿಗೆಯೊಳಗೆ ಇಡುತ್ತಾರೆ. ಹೆಸರು ಅದರೊಳಗೆ ಸೇರಿದರೆ ಹೊರಗಿನ ಎಲ್‌ಬಿ ಅದಕ್ಕೆ ಅಣ್ಣನಲ್ಲ, ದೊಡ್ಡಪ್ಪ! ಉತ್ತರ ಖಾಲಿ ಬರುತ್ತದೆ. ಖಾಲಿ ಬಂದರೆ ಕಣ್ಣಿಗಾದರೂ ಬೀಳುತ್ತದೆ. ಎಲ್‌ಬಿಯೇ ಪೆಟ್ಟಿಗೆಯೊಳಗೆ ಸೇರಿ ಹೆಸರು ಹೊರಗಿದ್ದರೆ, ಹುಡುಕಾಟ ಆ ಗುರುತನ್ನು ಕಾಣದೆ ಅದಕ್ಕೂ ಹಿಂದಿನ ಸಾಲಿನ ಸಂಖ್ಯೆ ಕೊಡುತ್ತದೆ. ಕಲ್ಲು ಸವೆದಿರುವ ಕಡೆ, ಅಂದರೆ ಓದಿನ ಬಗ್ಗೆ ಚರ್ಚೆ ಏಳುವ ಕಡೆಯೇ, ವಿಳಾಸ ಸದ್ದಿಲ್ಲದೆ ತಪ್ಪುತ್ತದೆ.

ಇದಕ್ಕೆ ಪರಿಹಾರ 'ಪ್ರಿಸೀಡಿಂಗ್' ಎಂಬ ಇನ್ನೊಂದು ದಿಕ್ಕು. ಅದು ಅಪ್ಪ ಯಾರು ಅಂತ ಕೇಳದೆ, ಪಾಠದಲ್ಲಿ ಹಿಂದೆ ಬಂದ ಎಲ್ಲ ಎಲ್‌ಬಿಗಳನ್ನೂ ನೋಡುತ್ತದೆ. ಅದರಲ್ಲಿ ಹತ್ತಿರದ ಒಂದನ್ನು ಕೇಳಿದರೆ ಸಾಕು. ತಾಮ್ರಪಟದಲ್ಲಿ ಪ್ರತಿ ಹಲಗೆಗೂ ಸಾಲಿನ ಎಣಿಕೆ ಹೊಸದಾಗಿ ಶುರುವಾಗಿದ್ದರೆ, ಹಲಗೆ ಯಾವುದು ಅಂತಲೂ ಜೊತೆಗೆ ಕೇಳಿ. ಹೆಸರುಗಳ ಸೂಚಿ ತಯಾರಿಸುವವರು ಸಪ್ಲೈಡ್ ಇರುವ ನಾಲ್ಕಾರು ಸಾಲುಗಳನ್ನು ಆರಿಸಿ ಪಡಿಯಚ್ಚಿನ ಜೊತೆ ಕೈಯಾರೆ ತಾಳೆ ನೋಡಿ. ಅಲ್ಲಿ ಸಂಖ್ಯೆ ಸರಿ ಬಂದರೆ, ಚೆನ್ನಾಗಿ ಉಳಿದಿರುವ ಸಾಲುಗಳಲ್ಲಿ ಬಹುತೇಕ ಸರಿಯೇ ಬರುತ್ತದೆ.