ಮೊಂಡು ಮೂತಿ ಯಾರ ಸೃಷ್ಟಿ?

ಚಪ್ಪಟೆ ಮುಖ, ದಪ್ಪ ತಲೆ, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಚರ್ಮ, ಗಿಡ್ಡ ಕಾಲು: ಬುಲ್‌ಡಾಗ್ ಎಂದ ಕೂಡಲೇ ಕಣ್ಣಿಗೆ ಕಟ್ಟುವ ರೂಪ ಇದು. ಬ್ರಿಟನ್ನಿನ ಛಲದ ಲಾಂಛನವೆಂದು ಈ ನಾಯಿಯನ್ನು ಮೆರೆಸುವವರು ಅದು ತಲೆತಲಾಂತರದಿಂದ ಹೀಗೇ ಇತ್ತೆಂದು ನಂಬಿಕೊಂಡಿದ್ದಾರೆ. ದಾಖಲೆಗಳು ಹೇಳುವ ಕಥೆ ಬೇರೆ. ಇಷ್ಟು ಮೊಂಡು ಮೂತಿಗೆ ಹೆಚ್ಚೆಂದರೆ ನೂರೈವತ್ತು ವರ್ಷಗಳ ವಯಸ್ಸು. ಅದನ್ನು ರೂಪಿಸಿದ್ದು ಶ್ವಾನ ಪ್ರದರ್ಶನಗಳ ಬಹುಮಾನ ಮತ್ತು ಆ ಬಹುಮಾನಕ್ಕಾಗಿ ಮನುಷ್ಯರು ಬರೆದುಕೊಂಡ ನಿಯಮ. ಈ ಇತಿಹಾಸ ತಿಳಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ನಿಯಮ ಬರೆದು ಕೆಡಿಸಿದ್ದನ್ನು ನಿಯಮ ಬದಲಿಸಿ ಸರಿಪಡಿಸಬಹುದು, ಸರಿಪಡಿಸಲೇಬೇಕು.

ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಇಂಗ್ಲೆಂಡಿನಲ್ಲಿ ಗೂಳಿಯನ್ನು ಕಂಬಕ್ಕೆ ಕಟ್ಟಿ ಅದರ ಮೇಲೆ ನಾಯಿ ಛೂ ಬಿಡುವುದು ಜನಪ್ರಿಯ ಮೋಜಾಗಿತ್ತು. ಗೂಳಿಯ ಮೂಗು ಕಚ್ಚಿ ಹಿಡಿದು ಜೋತುಬೀಳುವ ನಾಯಿಯೇ ಬುಲ್‌ಡಾಗ್. ಕೊಂಬಿನ ಏಟು ತಪ್ಪಿಸಿಕೊಂಡು ಚಿಮ್ಮಬೇಕಿದ್ದ ಆ ನಾಯಿಗೆ ಗಟ್ಟಿ ಕಾಲು, ಚುರುಕು ಮೈ, ದಣಿಯದ ಉಸಿರು ಬೇಕಿದ್ದವು. 1835ರಲ್ಲಿ ಬ್ರಿಟಿಷ್ ಸಂಸತ್ತು ಪ್ರಾಣಿಹಿಂಸೆಯ ವಿರುದ್ಧ ಕಾನೂನು ತಂದು ಈ ಕ್ರೂರ ಆಟವನ್ನು ನಿಲ್ಲಿಸಿತು. ಗೂಳಿಗೆ ಬಿಡುಗಡೆ ಸಿಕ್ಕಿತು, ನಾಯಿಗೆ ಕೆಲಸ ತಪ್ಪಿತು. ಅದೇ ಶತಮಾನದಲ್ಲಿ ಶ್ವಾನ ಪ್ರದರ್ಶನಗಳು ಶುರುವಾದವು. 1859ರ ಜೂನ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ ಪ್ರದರ್ಶನದಲ್ಲಿ ಪಾಯಿಂಟರ್ ಮತ್ತು ಸೆಟರ್ ಎಂಬ ಬೇಟೆನಾಯಿಗಳಿಗಷ್ಟೇ ಪ್ರವೇಶವಿತ್ತು. ಬಹುಮಾನವಾಗಿ ಕೊಟ್ಟದ್ದು ಬಂದೂಕು. ಸೋತರೂ ಗೆದ್ದರೂ ಆ ನಾಯಿಗಳು ಮರುದಿನ ಕಾಡುಮೇಡು ಸುತ್ತಬೇಕಿತ್ತು. ಆದರೆ 1873ರಲ್ಲಿ ಕೆನಲ್ ಕ್ಲಬ್ ಎಂಬ ಶ್ವಾನ ಸಂಘ, 1891ರಲ್ಲಿ ಕ್ರಫ್ಟ್ಸ್ ಪ್ರದರ್ಶನ ಹುಟ್ಟುವ ಹೊತ್ತಿಗೆ ಕೆಲಸವೇ ಇಲ್ಲದ ತಳಿಗಳೂ ಅಂಕಣಕ್ಕೆ ಇಳಿದಿದ್ದವು. ಪ್ರತಿ ತಳಿಗೂ ಒಂದು ಲಿಖಿತ ಮಾನದಂಡ ಸಿದ್ಧವಾಯಿತು. ತಲೆ ಹೇಗಿರಬೇಕು, ಮೂತಿ ಎಷ್ಟಿರಬೇಕು, ಬಾಲ ಎತ್ತ ತಿರುಗಿರಬೇಕು ಎಂಬುದೆಲ್ಲ ಅದರಲ್ಲಿತ್ತು. ತೀರ್ಪುಗಾರ ನಿಮಿಷಗಳಲ್ಲಿ ಕಣ್ಣಿನಿಂದ ಅಳೆಯಬಹುದಾದದ್ದಕ್ಕೇ ಬೆಲೆ ಬಂತು. ಮೂತಿ ಗಿಡ್ಡವಿರಲಿ ಎಂದು ಬರೆದಲ್ಲಿ, ಪಕ್ಕದ ನಾಯಿಗಿಂತ ಇನ್ನಷ್ಟು ಗಿಡ್ಡವಿದ್ದದ್ದು ಗೆದ್ದಿತು. ಗೆದ್ದ ಗಂಡಿಗೆ ಹೆಚ್ಚು ಹೆಣ್ಣುಗಳನ್ನು ಕೂಡಿಸಿದರು, ಮರಿಗಳಿಗೆ ಹೆಚ್ಚು ಹಣ ಬಂತು. ಯಾರೂ ಕೆಟ್ಟದ್ದನ್ನು ಬಯಸದೆ, ತಲೆಮಾರಿನಿಂದ ತಲೆಮಾರಿಗೆ ಮುಖ ಒಳಸರಿಯುತ್ತ ಹೋಯಿತು.

ಇದರ ಫಲ ಬೇಗನೇ ಕಾಣಿಸಿತು. 1890ರ ದಶಕದಲ್ಲಿ ಎರಡು ಹೆಸರಾಂತ ಬುಲ್‌ಡಾಗ್‌ಗಳ ನಡುವೆ 20 ಮೈಲಿ ನಡಿಗೆಯ ಪಂದ್ಯ ಏರ್ಪಟ್ಟಿತು. ಕಿಂಗ್ ಆರಿ ಹಳೆಯ ಮಾದರಿಯ ಹಗುರ ಮೈಯ ನಾಯಿ. ಡಾಕ್‌ಲೀಫ್ ಹೊಸ ಅಭಿರುಚಿಗೆ ತಕ್ಕ ಕುಳ್ಳ, ಭಾರಿ ಮೈಯ ನಾಯಿ. ಕಿಂಗ್ ಆರಿ ದಾರಿಯನ್ನು ಪೂರ್ತಿ ನಡೆಯಿತು, ಡಾಕ್‌ಲೀಫ್ ನಡುವೆಯೇ ಕುಸಿಯಿತು. ನಂತರದ ವರ್ಷಗಳಲ್ಲಿ ತಳಿ ಸಾಗಿದ್ದು ಮಾತ್ರ ಕುಸಿದ ನಾಯಿಯ ದಿಕ್ಕಿನಲ್ಲಿ. ಪಗ್‌ನ ವಿಷಯದಲ್ಲಿ, ಅದೂ ಮೊಂಡು ಮೂತಿಯದೇ ತಳಿ, ಸಾಕ್ಷ್ಯ ಚಿತ್ರಶಾಲೆಯಲ್ಲೇ ಇದೆ. ಇಂಗ್ಲಿಷ್ ಕಲಾವಿದ ವಿಲಿಯಂ ಹೊಗಾರ್ತ್ 1745ರ ತನ್ನ ಸ್ವಚಿತ್ರದಲ್ಲಿ ಟ್ರಂಪ್ ಎಂಬ ತನ್ನ ಪಗ್‌ಗೂ ಜಾಗ ಕೊಟ್ಟಿದ್ದಾನೆ. ಆ ನಾಯಿಗೆ ಎದ್ದುಕಾಣುವ ಮೂತಿಯಿದೆ, ಮುಖದಿಂದ ಮುಂದೆ ಚಾಚಿದ ಮೂಗಿದೆ. ಇಂದಿನ ಪಗ್‌ನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ತಳಿಯೆಂದು ಹೇಳಲು ಅನುಮಾನಿಸಬೇಕು.

ಒಳಗಿನ ಹಾನಿ ಹೊರಗಿನ ರೂಪಕ್ಕಿಂತ ದೊಡ್ಡದು. ತಲೆಬುರುಡೆಯ ಮೂಳೆ ಕುಗ್ಗಿದಷ್ಟು ಅದರೊಳಗಿನ ಮೃದು ಭಾಗ ಕುಗ್ಗಲಿಲ್ಲ. ಹೀಗಾಗಿ ಉದ್ದವಾಗಿಯೇ ಉಳಿದ ಅಂಗುಳು ಶ್ವಾಸನಾಳದ ಬಾಯಿಗೆ ಅಡ್ಡ ಬೀಳುತ್ತದೆ. ಮೂಗಿನ ಹೊಳ್ಳೆ ಗೀರಿನಷ್ಟು ಕಿರಿದಾಗುತ್ತದೆ. ನಾಯಿ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿಯಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಬಿಸಿ ಕಳೆಯಬೇಕು. ಉಸಿರಿನ ದಾರಿಯೇ ಮುಚ್ಚಿಕೊಂಡ ನಾಯಿಗೆ ಬಿಸಿಲಿನ ಒಂದು ಓಟ ಪ್ರಾಣಕ್ಕೇ ಕುತ್ತಾಗಬಹುದು. ತಲೆ ದಪ್ಪ, ಸೊಂಟದ ಎಲುಬು ಕಿರಿದಾದ್ದರಿಂದ ಹೆರಿಗೆಯೂ ಕಷ್ಟ: 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಬುಲ್‌ಡಾಗ್ ಹೆರಿಗೆಗಳ ಪೈಕಿ ಶೇ 86ರಷ್ಟು ಸಿಸೇರಿಯನ್ ಆಗಿದ್ದವು. ಅದೇ ದೇಶದ 2022ರ ಲೆಕ್ಕದ ಪ್ರಕಾರ ಜಾಕ್ ರಸೆಲ್ ಟೆರಿಯರ್‌ನ ನಿರೀಕ್ಷಿತ ಆಯುಷ್ಯ 12.7 ವರ್ಷ, ಬುಲ್‌ಡಾಗ್‌ನದು 7.4.

ಪ್ರದರ್ಶನಗಳ ಪರವಾಗಿ ಹೇಳುವ ಮಾತುಗಳನ್ನೂ ತೂಗಿ ನೋಡಬೇಕು. ಗೂಳಿಯನ್ನು ಕಚ್ಚಿ ಹಿಡಿದಾಗಲೂ ಉಸಿರಾಡಲು ಅನುಕೂಲವಾಗಲೆಂದೇ ಬುಲ್‌ಡಾಗ್‌ನ ಮೂಗು ಹಿಂದೆ ಸರಿದಿದೆ ಎಂಬುದು ಹಳೆಯ ಸಮರ್ಥನೆ. ಆ ವಾದವನ್ನು ಒಪ್ಪಿದರೂ ಅದು ಇಂದಿನ ರೂಪದ ವಿರುದ್ಧವೇ ನಿಲ್ಲುತ್ತದೆ. ಉಸಿರಿಗಾಗಿ ರೂಪುಗೊಂಡ ಮೂಗು ಉಸಿರನ್ನೇ ತಡೆಯುವ ಮಟ್ಟಕ್ಕೆ ಬಂದಿದೆ ಎಂದರೆ ಮೂಲ ಉದ್ದೇಶ ಎಂದೋ ಸತ್ತಿದೆ. ಪ್ರದರ್ಶನಗಳಿಲ್ಲದಿದ್ದರೆ ತಳಿಯೇ ಅಳಿಯುತ್ತಿತ್ತು ಎಂಬ ಎರಡನೇ ಮಾತಿನಲ್ಲಿ ಹುರುಳಿದೆ. ವಂಶಾವಳಿ ಬರೆದಿಟ್ಟು ಎಷ್ಟೋ ತಳಿಗಳನ್ನು ಉಳಿಸಿದ್ದು ಪ್ರದರ್ಶನ ನಡೆಸುವ ಶ್ವಾನ ಸಂಘಗಳೇ. ಆದರೆ ಹೆಸರು ಉಳಿದು ನಾಯಿ ಬಳಲಿದರೆ ಉಳಿಸಿದ್ದೇನು? ಮೂರನೆಯದು, ನಮ್ಮ ನಾಯಿ ಆರಾಮಾಗಿದೆ, ಗೊರಕೆ ಆ ತಳಿಯ ಸ್ವಭಾವ ಎಂಬ ಪ್ರೀತಿಯ ಮಾತು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಉಸಿರಾಟದ ತೊಂದರೆಯ ಲಕ್ಷಣಗಳು ಎದ್ದುಕಾಣುತ್ತಿದ್ದ ನಾಯಿಗಳ ಸಾಕಣೆದಾರರಲ್ಲಿ ಶೇ 58 ಮಂದಿ, ತಮ್ಮ ನಾಯಿಗೆ ಅಂಥ ತೊಂದರೆಯೇ ಇಲ್ಲ ಎಂದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ರೋಗವನ್ನೇ ತಳಿಯ ಲಕ್ಷಣವೆಂದು ನೋಡಲು ಕಣ್ಣು ಪಳಗಿತ್ತು, ಅಷ್ಟೆ.

ರೂಪ ಬದಲಿಸಿದರೆ ತಳಿ ಕೆಡುತ್ತದೆ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ಉತ್ತರ ಸಂಘಗಳ ಚರಿತ್ರೆಯಲ್ಲೇ ಇದೆ. ಒಂದು ಕಾಲದಲ್ಲಿ ಹಲವು ತಳಿಗಳಿಗೆ ಕಿವಿ ಕತ್ತರಿಸುವುದು ಅಂದದ ಗುರುತಾಗಿತ್ತು. 1895ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅದನ್ನು ತಡೆಯುವ ನಿಯಮ ಮಾಡಿತು. ಆ ತಳಿಗಳು ಅಳಿಯಲಿಲ್ಲ, ಜನರ ಕಣ್ಣೇ ಹೊಸ ಅಂದಕ್ಕೆ ಹೊಂದಿಕೊಂಡಿತು. ಡಾಲ್ಮೇಷಿಯನ್‌ಗಳಿಗೆ ವಂಶಪಾರಂಪರ್ಯವಾಗಿ ಬರುವ ಯೂರಿಕ್ ಆಮ್ಲದ ತೊಂದರೆ ನೀಗಿಸಲು 1970ರ ದಶಕದಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಮ್ಮೆ ಮಾತ್ರ ಪಾಯಿಂಟರ್ ಜೊತೆ ಕೂಡಿಸಿ, ಸಂತತಿಯನ್ನು ಮತ್ತೆ ಡಾಲ್ಮೇಷಿಯನ್‌ಗಳೊಂದಿಗೇ ಬೆಳೆಸಿದರು. ಚುಕ್ಕೆ ಉಳಿಯಿತು, ರೋಗ ಹೋಯಿತು. ಆದರೂ ಅಮೆರಿಕನ್ ಕೆನಲ್ ಕ್ಲಬ್ ಈ ಸಾಲಿಗೆ ಬಾಗಿಲು ತೆರೆದದ್ದು 2011ರಲ್ಲಿ. ವಿಜ್ಞಾನ ದಾರಿ ತೋರಿದ ಮೇಲೂ ಶುದ್ಧತೆಯ ಹಟ ದಶಕಗಳನ್ನು ತಿಂದಿತು. ಬ್ರಿಟನ್ನಿನಲ್ಲಿ ತಳಿನಾಯಿಗಳ ಅನಾರೋಗ್ಯವನ್ನು ಬಯಲಿಗೆಳೆದ 2008ರ ಬಿಬಿಸಿ ಸಾಕ್ಷ್ಯಚಿತ್ರ ಎಬ್ಬಿಸಿದ ಕೋಲಾಹಲದ ನಂತರವೇ ಮಾನದಂಡಗಳ ಪರಿಷ್ಕರಣೆ ಚುರುಕಾದದ್ದು. 2012ರ ಕ್ರಫ್ಟ್ಸ್‌ನಲ್ಲಿ ಆರೋಗ್ಯದ ಅಪಾಯ ಹೆಚ್ಚಿರುವ 15 ತಳಿಗಳ ವಿಜೇತರನ್ನು ಪಶುವೈದ್ಯರು ಪರೀಕ್ಷಿಸಿದಾಗ, ತೀರ್ಪುಗಾರರು ಮೆಚ್ಚಿದ್ದ ಬುಲ್‌ಡಾಗ್ ಸೇರಿ ಆರು ನಾಯಿಗಳು ತೇರ್ಗಡೆಯಾಗಲಿಲ್ಲ. ಅದೇ ಅಂಕಣ, ಅದೇ ನಾಯಿ. ಅಂದ ಕಂಡ ಕಣ್ಣಿಗೆ ಕಾಣದ ನೋವು ವೈದ್ಯರ ಕಣ್ಣಿಗೆ ಕಂಡಿತು. ನೆದರ್ಲೆಂಡ್ಸ್ 2019ರಲ್ಲಿ ಇನ್ನೂ ಮುಂದೆ ಹೋಗಿ, ಮೂತಿಯ ಉದ್ದ ತಲೆಬುರುಡೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ಕಡಿವಾಣ ಹಾಕಿತು.

ಈ ಚರಿತ್ರೆ ಕರ್ನಾಟಕಕ್ಕೂ ಸಂಬಂಧಿಸಿದ್ದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನಿಗೇ ಹೋಗುತ್ತಿದ್ದ ಪಗ್ ದೇಶದ ಮನೆಮಾತಾಯಿತು. ಅದರ ಬೆನ್ನಿಗೇ ಪಗ್ ಸಾಕುವ ಹುಚ್ಚು ನಗರಗಳಿಗೆ ಹಬ್ಬಿತು. ಮೊಂಡು ಮೂತಿಗೆ ಇಂಗ್ಲೆಂಡಿನ ತಂಪಿನಲ್ಲೇ ಕಷ್ಟವಿರುವಾಗ ನಮ್ಮ ಏಪ್ರಿಲ್‌ನ ಬಿಸಿಲು ಏನು ಮಾಡೀತೆಂದು ಯೋಚಿಸಬೇಕು. ಅತ್ತ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ: ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ. ಮೊಲದ ಬೆನ್ನಟ್ಟುವ ಓಟವೇ ಅದರ ಮೈಯನ್ನು ಕಡೆದದ್ದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ನಾಯಿಗೆ ಇಂದು ಹೆಸರು ಮತ್ತು ಮಾರುಕಟ್ಟೆ ಎರಡೂ ಇವೆ. ಎಚ್ಚರ ಬೇಕಿರುವುದು ಇಲ್ಲೇ. ಇನ್ನಷ್ಟು ಸಪೂರ ಸೊಂಟ, ಇನ್ನಷ್ಟು ಕಿರಿದಾದ ತಲೆ ಎಂದು ಅಂದಕ್ಕಷ್ಟೇ ಬಹುಮಾನ ಕೊಡಲು ಹೊರಟರೆ ಬುಲ್‌ಡಾಗ್ ಹಿಡಿದ ದಾರಿಯನ್ನೇ ಇದೂ ಹಿಡಿದೀತು.

ಅಂದವನ್ನು ಮೆಚ್ಚುವುದು ತಪ್ಪಲ್ಲ. ತಪ್ಪಿರುವುದು ಅಂದದ ಬೆಲೆಯನ್ನು ಇನ್ನೊಂದು ಜೀವದ ಉಸಿರಿನಿಂದ ತೆರಿಸುವುದರಲ್ಲಿ. ಆದ್ದರಿಂದ ಬಹುಮಾನ ಕೊಡುವ ಮುನ್ನ ನಾಯಿ ನಡೆಯಬೇಕು, ಓಡಬೇಕು, ಓಡಿದ ಮೇಲೆ ಅದರ ಉಸಿರನ್ನು ಪಶುವೈದ್ಯರು ಕೇಳಬೇಕು. ಸಲೀಸಾಗಿ ಉಸಿರಾಡಲಾಗದ ನಾಯಿಯಿಂದ ಮರಿ ಮಾಡಿಸಬಾರದು. ಕೊಳ್ಳುವವರ ಕೈಯಲ್ಲೂ ಇದೇ ಅಧಿಕಾರವಿದೆ. ಮರಿಯ ಮುದ್ದು ಮುಖ ನೋಡುವ ಮೊದಲು ಅದರ ತಾಯಿಯನ್ನು ನಾಲ್ಕು ಹೆಜ್ಜೆ ನಡೆಸಿ, ಅದರ ಉಸಿರಿಗೆ ಕಿವಿಗೊಟ್ಟರೆ ಮಾರುಕಟ್ಟೆಯ ಬೇಡಿಕೆ ತಾನಾಗಿ ಬದಲಾಗುತ್ತದೆ. ಬೇಡಿಕೆಯೇ ಈ ರೂಪವನ್ನು ತಂದದ್ದು. ಬೇಡಿಕೆಯೇ ಅದನ್ನು ತಿದ್ದಬಲ್ಲದು.