ದಕ್ಷಿಣ ಆಫ್ರಿಕೆಯಲ್ಲಿ ವಿವಾಹಪ್ರಾಮಾಣ್ಯವಿಚಾರ

ವಿವಾಹಕ್ಕೆ ಪ್ರಮಾಣವು ಸಂಸ್ಕಾರವೋ, ರಾಜಶಾಸನದ ಅಂಗೀಕಾರವೋ ಎಂಬ ಪ್ರಶ್ನೆಯು ದಕ್ಷಿಣ ಆಫ್ರಿಕೆಯಲ್ಲಿ ಕೇವಲ ವಾದವಿಷಯವಾಗಿ ಉಳಿಯಲಿಲ್ಲ. ಮನುವಿನ ಮತದಂತೆ ಸಪ್ತಪದಿಯ ಏಳನೆಯ ಹೆಜ್ಜೆಯಲ್ಲಿ ವಿವಾಹವು ಪರಿನಿಷ್ಠಿತವಾಗುವುದು; ಮುಸಲ್ಮಾನರಲ್ಲಿ ಸಾಕ್ಷಿಗಳ ಸಮಕ್ಷಮದ ನಿಕಾಹವೇ ಪ್ರಮಾಣವು. ಆದರೆ ಕೇಪ್ ಪ್ರಾಂತದ ನ್ಯಾಯಾಧೀಶರಾದ ಸರ್ಲ್ ಎಂಬವರು 1913ನೆಯ ಮಾರ್ಚಿ 14ರಂದು, ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಂತೆ ನಡೆದ ವಿವಾಹವು ಅಲ್ಲಿಯ ಶಾಸನದ ದೃಷ್ಟಿಯಲ್ಲಿ ವಿವಾಹವೇ ಅಲ್ಲವೆಂದು ತೀರ್ಪಿತ್ತರು. ತನ್ನಿಮಿತ್ತವಾಗಿ ಭಾರತದಿಂದ ಪತಿಗೃಹಕ್ಕೆ ಹೊರಟ ಸ್ತ್ರೀಯರ ಪ್ರವೇಶಾಧಿಕಾರವೂ, ಮಕ್ಕಳ ಔರಸತ್ವವೂ, ದಾಯಭಾಗವೂ ಸಂದಿಗ್ಧವಾದುವು. ಈ ತರ್ಕವು ಹಿಂದೂ ವಿವಾಹಗಳಿಗೂ ವ್ಯಾಪಿಸುವುದೆಂಬ ಭಯವು ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಗಾಂಧಿಯವರೇ ಮೊದಲಾದ ಸ್ತ್ರೀಯರು ಸತ್ಯಾಗ್ರಹಕ್ಕಿಳಿದು ಸೆರೆಮನೆಯನ್ನು ಸೇರಿದರು.

1914ನೆಯ ಭಾರತೀಯರ ಪರಿಹಾರಶಾಸನವು ಏಕಪತ್ನೀಕವಾದ ವಿವಾಹಗಳ ದಾಖಲೆಗೆ ಮಾರ್ಗವನ್ನು ಕಲ್ಪಿಸಿತು. ಆದರೂ ವಿವಾದವು ತೀರಲಿಲ್ಲ. ಆಫ್ರಿಕನರ ರೂಢಿವಿವಾಹಗಳಿಗೆ 1998ರಲ್ಲಿ ಪ್ರತ್ಯೇಕ ಶಾಸನವೊಂದು ಪೂರ್ಣ ಮಾನ್ಯತೆಯನ್ನು ಕೊಟ್ಟಿತು. ಮುಸಲ್ಮಾನರ ವಿವಾಹಗಳನ್ನು ಅಂಗೀಕರಿಸದಿರುವ ಮಟ್ಟಿಗೆ 1961ನೆಯ ವಿವಾಹಶಾಸನವೂ 1979ನೆಯ ವಿಚ್ಛೇದನಶಾಸನವೂ ಸಂವಿಧಾನವಿರುದ್ಧವೆಂದು ಆ ದೇಶದ ಸಂವಿಧಾನ ನ್ಯಾಯಾಲಯವು ನಿರ್ಣಯಿಸಿದುದು 2022ನೆಯ ಜೂನ್ 28ರಂದು. ಅಂದರೆ ಸರ್ಲ್ ತೀರ್ಪಿನ 109 ವರ್ಷಗಳ ತರುವಾಯ.

ರಾಜ್ಯದ ದಾಖಲೆಯು ವಿವಾಹಕ್ಕೆ ಜ್ಞಾಪಕಹೇತುವೇ ಹೊರತು ಕಾರಕಹೇತುವಲ್ಲ. ಜ್ಞಾಪಕವನ್ನೇ ಕಾರಕವೆಂದು ಎಣಿಸಿದುದರ ಫಲವನ್ನು ಅನುಭವಿಸಿದವರು ಶಾಸನಕಾರರಲ್ಲ, ಸ್ತ್ರೀಯರೂ ಮಕ್ಕಳೂ ಎಂಬುದೇ ಈ ಇತಿಹಾಸದ ತಾತ್ಪರ್ಯವು.