ಕೊಂಡೆಯೂ ದೂರೂ: ಕಲ್ಯಾಣದ ಭಂಡಾರದಿಂದ ಬಾಯ್ಲರ್ ಮನೆಯವರೆಗೆ

ಕಬ್ಬು ನುರಿಸುವ ಹಂಗಾಮು ಆರಂಭವಾಗಿ ಜಮಖಂಡಿ-ಮುಧೋಳದ ಹಾದಿಯೆಲ್ಲ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಂದ ಕಿಕ್ಕಿರಿದಿದ್ದ ಕಾರ್ತಿಕ ಮಾಸದ ಒಂದು ಸಂಜೆ, ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ ಹೋದ ಯುವಕನೊಬ್ಬನು ನಮ್ಮನ್ನು ಕಾಣಲು ಬಂದನು. ಆತನು ಈ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ನೌಕರಿಯಲ್ಲಿದ್ದಾನೆ. ಬಹಳ ಹೊತ್ತು ಮಳೆ-ಬೆಳೆಯ ಮಾತನಾಡಿ, ಏಳುವ ಹೊತ್ತಿಗೆ ತನ್ನ ಮನದ ಭಾರವನ್ನು ಇಳಿಸಿದನು. ರಾತ್ರಿ ಪಾಳಿಯಲ್ಲಿ ಅವನ ಜೊತೆಗಿರುವವನು ಅದೇ ಓಣಿಯವನು. ಇವನಿಗೆ ನೌಕರಿ ಕೊಡಿಸಲು ಓಡಾಡಿದವನೂ ಅವನೇ. ಈಚೆಗೆ ಕುಡಿದು ಬರುತ್ತಾನೆ. ಬಾಯ್ಲರಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ನಳಿಗೆಯನ್ನು ಪಾಳಿಗೊಮ್ಮೆ ತೆರೆದು ಪರೀಕ್ಷಿಸಬೇಕು, ಗಂಟೆಗೊಮ್ಮೆ ಅಂಕಿ ಬರೆಯಬೇಕು. ಅವನಾದರೋ ಪಾಳಿಯ ಆರಂಭದಲ್ಲಿಯೇ ಇಡೀ ರಾತ್ರಿಯ ಅಂಕಿಗಳನ್ನು ಪುಸ್ತಕದಲ್ಲಿ ತುಂಬಿ ಮಲಗಿಬಿಡುತ್ತಾನೆ. ಇನ್ನೂ ಆಗದ ಗಂಟೆಗಳ ಲೆಕ್ಕ ಅದಾಗಲೇ ಬರೆದಾಗಿರುತ್ತದೆ.

"ಅಜ್ಜಾರ, ಸಾಹೇಬರಿಗೆ ಹೇಳಿದ್ರ ಅವನ ಮನಿ ಮುರೀತೈತಿ. ಹೇಳದಿದ್ರ ಒಂದಿನ ನಮ್ಮೆಲ್ಲಾರ ಮನಿ ಮುರೀತೈತಿ. ಓಣ್ಯಾಗ ನನ್ನ ಕೊಂಡೆಗಾರ ಅಂತಾರ್ರೀ" ಎಂದನು.

ಈ ಪ್ರಶ್ನೆ ನಮಗೆ ಹೊಸತಲ್ಲ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳೊಬ್ಬರು ಹಿಂದೊಮ್ಮೆ ನೂಲಿನ ದಾಸ್ತಾನು ಪುಸ್ತಕದ ವಿಷಯವಾಗಿ, ಬೀಳಗಿಯ ಕಡೆಯ ಶಿಕ್ಷಕರೊಬ್ಬರು ಪರೀಕ್ಷೆಯ ವಿಷಯವಾಗಿ ಇದನ್ನೇ ಬೇರೆ ಮಾತುಗಳಲ್ಲಿ ಕೇಳಿದ್ದುಂಟು. ಆದರೆ ಈ ಸಲ ಆ 'ಕೊಂಡೆ' ಎಂಬ ಶಬ್ದ ನಮ್ಮ ಮನಸ್ಸಿನಲ್ಲಿ ಉಳಿಯಿತು. ಎಂಟು ಶತಮಾನಗಳಿಗೂ ಹಿಂದಿನ ಒಂದು ರಾಜಭಂಡಾರದ ನೆನಪು ಆ ಶಬ್ದಕ್ಕೆ ಅಂಟಿಕೊಂಡಿದೆ. ವಾಚಕರು ನಮ್ಮೊಡನೆ ಸ್ವಲ್ಪ ದೂರ ಹಿಂದಕ್ಕೆ ಬರಬೇಕು.

ಬಸವಣ್ಣನವರನ್ನು ನಾವು ಭಕ್ತಿಭಂಡಾರಿ ಎಂದು ನೆನೆಯುತ್ತೇವೆ. ಅವರು ನಿಜದ ಭಂಡಾರದಲ್ಲಿ ಕೆಲಸ ಮಾಡಿದ ಉದ್ಯೋಗಸ್ಥರೂ ಆಗಿದ್ದರೆಂಬುದನ್ನು ಮರೆಯುತ್ತೇವೆ. ಇಂದು ಸೋಲಾಪುರ ಜಿಲ್ಲೆಗೆ ಸೇರಿದ ಮಂಗಳವೇಢೆಯಲ್ಲಿ ಕಲಚುರಿ ಬಿಜ್ಜಳನ ಕೈಕೆಳಗೆ, ಅನಂತರ ಕಲ್ಯಾಣದಲ್ಲಿ, ಅವರ ಸುತ್ತ ಸಹೋದ್ಯೋಗಿಗಳಿದ್ದರು, ಮೇಲೆ ಒಡೆಯನಿದ್ದನು, ಮುಂದೆ ಲೆಕ್ಕದ ಕಡತವಿತ್ತು. ಅವರ ಮಹಾಮನೆಯಲ್ಲಿ ನಿತ್ಯ ನಡೆಯುತ್ತಿದ್ದ ದಾಸೋಹವನ್ನು ಕಂಡ ಆಸ್ಥಾನಿಕರಲ್ಲಿ ಕೆಲವರು, ಇಷ್ಟು ಹಣ ಎಲ್ಲಿಂದ ಬರುತ್ತದೆ, ಭಂಡಾರ ಬರಿದಾಗುತ್ತಿದೆ ಎಂದು ದೊರೆಯ ಕಿವಿಯಲ್ಲಿ ಊದಿದರು. ಜನಪರಂಪರೆ ಈ ಕೆಲಸವನ್ನು ಕೊಂಡೆಯ ಮಂಚಣ್ಣನ ಹೆಸರಿಗೆ ಕಟ್ಟಿದೆ. (ಕುತೂಹಲದ ಸಂಗತಿಯೆಂದರೆ, ವಚನಕಾರ್ತಿಯರ ಪಟ್ಟಿಯಲ್ಲಿ ಕೊಂಡೆ ಮಂಚಣ್ಣನ ಪುಣ್ಯಸ್ತ್ರೀ ಲಕ್ಷ್ಮಮ್ಮ ಎಂಬ ಶರಣೆಯ ಹೆಸರಿದೆ. ಇತಿಹಾಸವು ಒಂದು ಹೆಸರನ್ನು ಒಂದೇ ಬಣ್ಣದಲ್ಲಿ ಬಿಡುವುದು ಅಪರೂಪ.)

ಮುಂದೆ ನಡೆದುದನ್ನು 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ, 1369ರಲ್ಲಿ ಭೀಮಕವಿಯು ಕನ್ನಡದಲ್ಲಿ ಬಸವಪುರಾಣವಾಗಿ ನಿರೂಪಿಸಿದ್ದಾರೆ. ದೊರೆ ಬಸವಣ್ಣನವರನ್ನು ಕರೆಸಿದನು, ಅವರು ಭಂಡಾರವನ್ನು ತೆರೆದು ಎಣಿಸಿ ನೋಡಬಹುದೆಂದರು, ಎಣಿಸಲಾಯಿತು, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಇದನ್ನು ನಾವು ಪವಾಡವೆಂದು ಕೇಳಿ ಕೈಮುಗಿದು ಬಂದಿದ್ದೇವೆ. ಪುರಾಣವು ಲೆಕ್ಕಪತ್ರವಲ್ಲ, ವಿಶ್ವವಿದ್ಯಾಲಯದ ತರಗತಿಯಲ್ಲಿ ಕುಳಿತು ಬಂದ ನಮಗೆ ಅದರ ಅರಿವಿದೆ. ಆದರೂ ಪುರಾಣವು ಜೋಪಾನವಾಗಿಟ್ಟುಕೊಂಡು ಬಂದ ಕ್ರಮವನ್ನು ಗಮನಿಸಿರಿ. ದೂರು ಬಂತು. ಒಡೆಯನು ಅದನ್ನು ತಳ್ಳಿಹಾಕಲಿಲ್ಲ, ಕೇಳಿದೊಡನೆ ಶಿಕ್ಷೆಯನ್ನೂ ವಿಧಿಸಲಿಲ್ಲ. ಆರೋಪಕ್ಕೊಳಗಾದವರ ಸಮ್ಮುಖದಲ್ಲಿಯೇ ಲೆಕ್ಕವಾಯಿತು. ಆಸ್ಥಾನಿಕರ ಮಾತು 'ಕೊಂಡೆ' ಎನಿಸಿಕೊಂಡದ್ದು ಅವರು ದೊರೆಗೆ ಹೇಳಿದರೆಂಬ ಕಾರಣಕ್ಕಲ್ಲ. ಎಣಿಸಿದಾಗ ಅದು ನಿಲ್ಲಲಿಲ್ಲವೆಂಬ ಕಾರಣಕ್ಕೆ. ಅಂದು ಭಂಡಾರ ನಿಜವಾಗಿಯೂ ಬರಿದಾಗಿದ್ದು, ಅದನ್ನು ಬಲ್ಲವನೊಬ್ಬನು ಗೆಳೆತನಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದರೆ ಅವನನ್ನು ಏನೆಂದು ಕರೆಯುತ್ತಿದ್ದೆವು? ನಮ್ಮ ಭಾಷೆಯಲ್ಲಿ ಅವನಿಗೆ ಬೈಗುಳವಿಲ್ಲ. ಚಾಡಿಕೋರ, ಕೊಂಡೆಗಾರ, ಕಿವಿಯೂದುವವ ಎಂದು ಹೇಳಿದವನಿಗೆ ಇಷ್ಟೆಲ್ಲ ಹೆಸರುಗಳಿದ್ದರೂ, ಹೇಳಬೇಕಾದಾಗ ಹೇಳದವನಿಗೆ ಒಂದೂ ಹೆಸರಿಲ್ಲದಿರುವುದು ಯೋಚಿಸಬೇಕಾದ ವಿಷಯ.

ಅದೇ ಬಿಜ್ಜಳನ ಮುಂದೆ ಇನ್ನೊಂದು ದೂರು ಬಂದುದು ವಾಚಕರಿಗೆ ತಿಳಿದೇ ಇದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ವಿವಾಹವಾಯಿತೆಂಬ ದೂರು ಅದು. ಅದರಿಂದ ಯಾರ ಜೀವಕ್ಕೆ, ಯಾರ ಗಂಟಿಗೆ ಹಾನಿಯಾಯಿತೆಂದು ಆಗ ಯಾರೂ ಕೇಳಲಿಲ್ಲ. ತೂಗುವ ಮುನ್ನವೇ ತೀರ್ಪು ಹೊರಬಿತ್ತು, ಹರಳಯ್ಯ-ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆಯೂ ಮುಗಿದಿತ್ತು, ಶರಣರೂ ಕಲ್ಯಾಣದಿಂದ ಚದುರಿದ್ದರು. ಮೊದಲ ದೂರಿಗೆ ಎಣಿಕೆಯ ಉತ್ತರ ಕೊಟ್ಟ ಒಡೆಯನೇ ಎರಡನೆಯದಕ್ಕೆ ಆನೆಯ ಕಾಲಿನ ಉತ್ತರ ಕೊಟ್ಟನು. ಆದುದರಿಂದ ಈ ವಿಷಯದಲ್ಲಿ ನಾವು ಹೇಳುವವನ ಇತಿಹಾಸವನ್ನಷ್ಟೇ ಓದಿದರೆ ಸಾಲದು, ಕೇಳುವವನ ಇತಿಹಾಸವನ್ನೂ ಓದಬೇಕು.

ಶರಣರ ನಡುವೆಯೇ ಮೂರನೆಯ ದಾರಿಯೊಂದೂ ಇತ್ತು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಬಸವಣ್ಣನವರ ಬಳಿ ಹೋಗಿ ದೂರಲಿಲ್ಲ, ನೆರೆಯವರಿಗೆ ಹೇಳಲಿಲ್ಲ, ಸುಮ್ಮನೆಯೂ ಇರಲಿಲ್ಲ. ಗಂಡನ ಮುಖಕ್ಕೇ ನೇರವಾಗಿ ಹೇಳಿ, ಹೆಚ್ಚಾದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದರು. ಒಂದೇ ಕಾಯಕದಲ್ಲಿ ಪಾಲುದಾರರಾದವರು ಮೊದಲು ಮಾಡಬೇಕಾದುದು ಇದೇ ಎಂದು ನಮ್ಮ ಭಾವನೆ. ಆದರೆ ಅಲ್ಲಿ ಹೆಚ್ಚಾದದ್ದು ಅಕ್ಕಿ. ಮರುದಿನ ಸುರಿದು ಬಂದರೂ ನಡೆಯುತ್ತಿತ್ತು. ಬಾಯ್ಲರಿನಲ್ಲಿ ನೀರು ಕಡಿಮೆಯಾಗಿ ಕೊಳವೆಗಳು ಕೆಂಪಗೆ ಕಾದರೆ ಮರುದಿನವೆಂಬುದೇ ಇರುವುದಿಲ್ಲ.

ರಾಜನೀತಿಯನ್ನು ಬರೆದವರಿಗೂ ಈ ಇಕ್ಕಟ್ಟು ತಿಳಿದಿತ್ತು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಅಧಿಕಾರಿಗಳು ಹಣ ಅಪಹರಿಸುವ 40 ಬಗೆಗಳನ್ನು ಎಣಿಸಿ, ಅದನ್ನು ತಿಳಿಸಿದವನಿಗೆ, ಮಾತು ಸಾಬೀತಾದರೆ, ಆ ಮೊತ್ತದ ಆರರಲ್ಲಿ 1 ಪಾಲು ಕೊಡಬೇಕೆನ್ನುತ್ತದೆ. ತಿಳಿಸಿದವನು ಸೇವಕನೇ ಆಗಿದ್ದರೆ ಹನ್ನೆರಡರಲ್ಲಿ 1 ಪಾಲು ಮಾತ್ರ. ಸಾಬೀತಾಗದಿದ್ದರೆ ದಂಡ. ಹೇಳುವುದು ಸೇವಕನ ಕರ್ತವ್ಯವೇ ಆದುದರಿಂದ ಅವನ ಪಾಲು ಅರ್ಧವಾಯಿತೋ ಏನೋ. ನಮಗಂತೂ ಈ ಬಹುಮಾನದ ಪದ್ಧತಿ ಅಷ್ಟಾಗಿ ಮನಸ್ಸಿಗೆ ಬರುವುದಿಲ್ಲ. ಪಾಲಿನ ಆಸೆ ಹುಟ್ಟಿದಲ್ಲಿ ಕೊಂಡೆಯೂ ಹುಟ್ಟುತ್ತದೆ.

ನಮ್ಮ ಕಾಲಕ್ಕೆ ಬರೋಣ. ಸುತ್ತೂರು ಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ನಡೆಸಿಕೊಂಡು ಬಂದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಷಣ್ಮುಗಂ ಮಂಜುನಾಥರು ಲಖನೌದಲ್ಲಿ ಆಡಳಿತ ಶಿಕ್ಷಣ ಪಡೆದು ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾದರು. ಕಲಬೆರಕೆಯ ಕಾರಣದಿಂದ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಪೆಟ್ರೋಲ್ ಬಂಕೊಂದಕ್ಕೆ ಬೀಗಮುದ್ರೆ ಹಾಕಿಸಿದ್ದರು. 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದಾಗ ಅವರಿಗೆ 27 ವರ್ಷ. ಅದಕ್ಕೆ 2 ವರ್ಷ ಮುಂಚೆ, ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಲ್ಲಿದ್ದ ಇಂಜಿನಿಯರ್ ಸತ್ಯೇಂದ್ರ ದುಬೆಯವರು ಅಲ್ಲಿನ ಅಕ್ರಮಗಳನ್ನು ಕುರಿತು ಪ್ರಧಾನಿಯವರಿಗೆ ಪತ್ರ ಬರೆದು ತಮ್ಮ ಹೆಸರನ್ನು ಗುಪ್ತವಾಗಿಡಬೇಕೆಂದು ಕೋರಿದ್ದರು. ಪತ್ರವು ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಗಯಾ ನಗರದಲ್ಲಿ ಅವರ ಕೊಲೆಯಾಯಿತು. ಅದು ದರೋಡೆಗಾಗಿ ನಡೆದ ಕೊಲೆಯೆಂದು ನ್ಯಾಯಾಲಯ ಮುಂದೆ ತೀರ್ಪಿತ್ತಿತಾದರೂ, ಗುಟ್ಟೆಂದು ಕೊಟ್ಟ ಹೆಸರು ಗುಟ್ಟಾಗಿ ಉಳಿಯಲಿಲ್ಲವೆಂಬ ಮಾತು ಉಳಿದೇ ಉಳಿಯಿತು. 2004ರಲ್ಲಿ ಕೇಂದ್ರ ಸರ್ಕಾರವು ಇಂತಹ ದೂರುಗಳನ್ನು ಕೇಂದ್ರ ಜಾಗೃತ ಆಯೋಗದ ಕೈಗೆ ಒಪ್ಪಿಸಿತು. ದೂರುದಾರರ ರಕ್ಷಣೆಯ ಕಾಯಿದೆ 2014ರಲ್ಲಿ ಆಯಿತು, ಆದರೆ ಆದ ಮೇಲೂ ಅದು ಅನೇಕ ವರ್ಷ ಜಾರಿಗೆ ಬರಲಿಲ್ಲ.

ಕಾರ್ಖಾನೆಗಳ ಕಥೆಯೂ ಹೀಗೆಯೇ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಹೊರಬೀಳುವುದಕ್ಕೆ 2 ವರ್ಷ ಮೊದಲೇ ಅಲ್ಲಿನ ಕಾರ್ಮಿಕರು ಅಪಾಯವನ್ನು ಸಾರಿದ್ದರು, ಪತ್ರಕರ್ತ ರಾಜಕುಮಾರ ಕೇಸ್ವಾನಿಯವರು ಬರೆದೂ ಇದ್ದರು. ಕೇಳುವವರು ಕೇಳಲಿಲ್ಲ. 1987ರ ತಿದ್ದುಪಡಿಯಿಂದ ಅಪಾಯಕಾರಿ ಕಾರ್ಖಾನೆಗಳ ಕಾರ್ಮಿಕನಿಗೆ, ಕೆಡುಕು ಕಣ್ಮುಂದಿದೆಯೆನಿಸಿದಾಗ ಮೇಲಿನವರಿಗೂ ಸರ್ಕಾರಿ ತಪಾಸಣಾಧಿಕಾರಿಗೂ ತಿಳಿಸುವ ಹಕ್ಕು ದೊರೆಯಿತು. ದೂರದ ಮಾತೇಕೆ? 2018ರ ಡಿಸೆಂಬರಿನಲ್ಲಿ ನಮ್ಮ ಮುಧೋಳ ತಾಲೂಕಿನ ಸಕ್ಕರೆ ಕಾರ್ಖಾನೆಯೊಂದರ ತ್ಯಾಜ್ಯನೀರಿನ ಘಟಕದಲ್ಲಿ ಸ್ಫೋಟವಾಗಿ 4 ಜನ ತೀರಿಕೊಂಡರು. ಅದರ ಕಾರಣವನ್ನು ಚರ್ಚಿಸುವುದು ಇಲ್ಲಿ ನಮ್ಮ ಕೆಲಸವಲ್ಲ. ಆದರೆ ಆ ಯುವಕನು ನಮ್ಮೆದುರು ಕುಳಿತು ಮಾತನಾಡುತ್ತಿದ್ದಾಗ ಅವನಿಗೂ ನಮಗೂ ಅದೇ ನೆನಪಿನಲ್ಲಿತ್ತು.

ಅವನಿಗೆ ಲಕ್ಕಮ್ಮನವರ ಪ್ರಸಂಗವನ್ನೂ ಭಂಡಾರದ ಪ್ರಸಂಗವನ್ನೂ ಹೇಳಿದೆವು. ಇಂದೇ ರಾತ್ರಿ ಅವನಿಗೆ ನೇರವಾಗಿ ಹೇಳು, ಒಂದೇ ಸಲ ಹೇಳು. ಮತ್ತೆ ಪುಸ್ತಕದಲ್ಲಿ ಮುಂಗಡ ಅಂಕಿ ಕಂಡರೆ ಅದೇ ಪಾಳಿಯಲ್ಲಿ ಸಾಹೇಬರನ್ನು ಎಬ್ಬಿಸು. ಅವನ ಕುಡಿತದ ಮಾತನ್ನು ಮುಂದಿಡಬೇಡ, ಪುಸ್ತಕವನ್ನೂ ಗಡಿಯಾರವನ್ನೂ ತೋರಿಸಿ ಎಣಿಸಿ ನೋಡಿರೆನ್ನು ಎಂದೆವು. ಅವನು ಒಪ್ಪಿದಂತೆಯೂ ಕಾಣಲಿಲ್ಲ, ಒಪ್ಪದಂತೆಯೂ ಕಾಣಲಿಲ್ಲ. ವಿಭೂತಿ ಪಡೆದು ಹೊರಟುಹೋದನು.

ಸಂಕ್ರಾಂತಿಯ ಮರುದಿನ ಮತ್ತೆ ಬಂದನು. ಹೇಳಿದ ಮೇಲೆ ಆ ಗೆಳೆಯ 4 ದಿನ ಸರಿಯಾಗಿದ್ದನಂತೆ. 5ನೆಯ ರಾತ್ರಿ ಹನ್ನೊಂದು ಗಂಟೆಗೆ ಇವನು ಪುಸ್ತಕ ತೆರೆದಾಗ ಬೆಳಗಿನ ಆರರವರೆಗಿನ ಅಂಕಿಗಳು ತುಂಬಿದ್ದವು. ಇವನು ಇಂಜಿನಿಯರ್ ಸಾಹೇಬರನ್ನು ಎಬ್ಬಿಸಿ ಕರೆತಂದನು. ಅವರು ಕೂಗಾಡಲಿಲ್ಲ, ಪುಸ್ತಕವನ್ನು ನೋಡಿ, ಇಬ್ಬರನ್ನೂ ನಿಲ್ಲಿಸಿಕೊಂಡು ತಾವೇ ಗಾಜಿನ ನಳಿಗೆಯನ್ನು ತೆರೆದು ಪರೀಕ್ಷಿಸಿದರು. ನೀರಿನ ಮಟ್ಟ ಅಂದು ಸರಿಯಾಗಿಯೇ ಇತ್ತು. ಗೆಳೆಯನ ನೌಕರಿ ಹೋಗಲಿಲ್ಲ. ಅವನನ್ನು ಬಾಯ್ಲರಿನಿಂದ ತೆಗೆದು ಕಬ್ಬಿನ ತೂಕದ ಕಾಟಾಕ್ಕೆ ಹಗಲು ಪಾಳಿಗೆ ಹಾಕಿದರು. ಸಂಬಳದಲ್ಲಿ ಸ್ವಲ್ಪ ಕಡಿತವಾಯಿತು.

"ಅವ ಈಗ ಎದುರಿಗೆ ಸಿಕ್ರ ತಲಿ ಹಾಕ್ತಾನ್ರಿ ಅಜ್ಜಾರ. ಆದ್ರ ಅವರವ್ವ ಎಳ್ಳು-ಬೆಲ್ಲ ಕೊಡಾಕ ಹ್ವಾದ್ರ ಬಾಗಿಲಾ ಹಾಕ್ಕೊಂಡ್ಲು" ಎಂದನು. ಅವಳಿಗೆ ಕೊಡಲೆಂದು ಒಯ್ದಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನು ಮಠದ ಮಕ್ಕಳಿಗೆ ಹಂಚಿ, ರಾತ್ರಿ ಪಾಳಿಗೆ ಹೊತ್ತಾಯಿತೆಂದು ಎದ್ದನು.